ಪಳಗಿಸುವವನೂ ಪಳಗಬೇಕು

ಕನ್ನಡದಲ್ಲಿ 'ಪಳಗು' ಎಂಬ ಕ್ರಿಯಾಪದವೊಂದಿದೆ. ಪಳಗಿದ ಎತ್ತು ಎನ್ನುತ್ತೇವೆ, ಪಳಗಿದ ಕುದುರೆ ಎನ್ನುತ್ತೇವೆ. ಅದೇ ಬಾಯಿಂದ ಪಳಗಿದ ಕೈ, ಪಳಗಿದ ವೈದ್ಯ ಎಂದೂ ಹೇಳುತ್ತೇವೆ. ಪಶುವಿಗೂ ಮನುಷ್ಯನಿಗೂ ಒಂದೇ ಶಬ್ದ. ರೂಢಿಯಿಂದ, ಸಹನೆಯಿಂದ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಹದಗೊಂಡ ಜೀವಕ್ಕೆಲ್ಲ ಈ ಮಾತು ಸಲ್ಲುತ್ತದೆ. ಈ ಶಬ್ದದ ಪೂರ್ಣಾರ್ಥವನ್ನು ನಾವು ಕಳೆದ ಬೇಸಿಗೆಯಲ್ಲಿ ಹೊಸದಾಗಿ ಮನಗಂಡೆವು. ಮನಗಾಣಿಸಿದ್ದು ಯಾವ ನಿಘಂಟೂ ಅಲ್ಲ; ಹನ್ನೆರಡು ವರ್ಷದ ಮೊಮ್ಮಗಳ ಕೈಯಲ್ಲಿದ್ದ ಒಂದು ವಿಡಿಯೋ ಗೇಮು. ಓದುಗ ಬಂಧುಗಳು ಹುಬ್ಬೇರಿಸಬಾರದು. ನಡೆದದ್ದನ್ನು ನಡೆದಂತೆ ಹೇಳುತ್ತೇವೆ.

ರಜೆಗೆಂದು ಬಂದಿದ್ದ ಮಗಳ ಮಗಳು ಒಂದು ರಾತ್ರಿ ಊಟಕ್ಕೆ ಬರಲೊಲ್ಲಳು. ಕರೆತಂದು ಕೂರಿಸಿದಾಗ ಕಣ್ಣು ಕೆಂಪಾಗಿದ್ದವು. "ಯಾಕವ್ವಾ, ಏನಾಯ್ತು?" ಎಂದು ಕೇಳಿದೆವು. "ನನ್ನ ಚುಕ್ಕಿ ಸತ್ತುಹೋಯ್ತು ಅಜ್ಜಾ" ಎಂದಳು. ಚುಕ್ಕಿ ಎಂದರೆ ಅವರ ಮನೆಯ ಬೆಕ್ಕೋ ನಾಯಿಯೋ ಇರಬೇಕೆಂದು ನಾವು ಗಾಬರಿಗೊಂಡೆವು. ಅದು ಆಟದೊಳಗಿನ ಕುದುರೆ ಎಂದು ತಿಳಿದಾಗ ಪಂಕ್ತಿಯಲ್ಲಿ ಕುಳಿತವರೆಲ್ಲ ನಕ್ಕರು, ನಾವೂ ನಕ್ಕೆವು. ಹುಡುಗಿ ತಾಟು ಸರಿಸಿ ಎದ್ದುಹೋದಳು. ಆ ನಗೆ ನಮ್ಮನ್ನು ರಾತ್ರಿಯಿಡೀ ಚುಚ್ಚಿತು. ಮಗುವಿನ ಕಣ್ಣೀರಿಗೆ ಕಾರಣ ಕಲ್ಪಿತವಿರಬಹುದು, ಕಣ್ಣೀರು ಕಲ್ಪಿತವಾಗಿರಲಿಲ್ಲ. ಪುರಾಣದ ಪುಟದಲ್ಲಿ ಯಾರೋ ಮಡಿದರೆ ನಾವು ಕಣ್ಣೊರೆಸಿಕೊಳ್ಳುವುದಿಲ್ಲವೇ? ಆಗ ಯಾರೂ ನಮ್ಮನ್ನು ನೋಡಿ ನಗುವುದಿಲ್ಲ.

ಮರುದಿನ ಮುಂಜಾನೆ ಅವಳ ಬದಿಗೆ ಹೋಗಿ ಕುಳಿತು, "ನಿನ್ನ ಚುಕ್ಕಿಯ ಕಥೆ ಹೇಳು" ಎಂದೆವು. ಮೊದಲು ಮುಖ ತಿರುಗಿಸಿದವಳು ಆಮೇಲೆ ಹೇಳತೊಡಗಿದಳು; ತೋರಿಸತೊಡಗಿದಳು. ಹೀಗೆ ಒಂದು ವಾರ ನಾವು ಅವಳ ಶಿಷ್ಯರಾದೆವು. ಆ ವಾರದಲ್ಲಿ ಕಂಡದ್ದನ್ನೂ, ಆಮೇಲೆ ಓದಿ ವಿಚಾರಿಸಿ ತಿಳಿದುಕೊಂಡದ್ದನ್ನೂ ಇಲ್ಲಿ ಸಂಗ್ರಹಿಸಿದ್ದೇವೆ.

ಆ ಆಟದ ಹೆಸರು 'ದ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್'. ಜಪಾನಿನ ನಿಂಟೆಂಡೊ ಸಂಸ್ಥೆ ಅದನ್ನು ೨೦೧೭ರ ಮಾರ್ಚ್ ೩ರಂದು ಹೊರತಂದಿತು. ಹೈರೂಲ್ ಎಂಬ ಕಲ್ಪಿತ ರಾಜ್ಯ. ಲಿಂಕ್ ಎಂಬ ತರುಣ ವೀರ ನೂರು ವರ್ಷದ ದೀರ್ಘನಿದ್ರೆಯಿಂದ ಎಚ್ಚರಗೊಳ್ಳುತ್ತಾನೆ. ರಾಜ್ಯ ಹಾಳುಬಿದ್ದಿದೆ, ಅರಮನೆಯನ್ನು ದುಷ್ಟಶಕ್ತಿಯೊಂದು ಆವರಿಸಿದೆ, ರಾಜಕುಮಾರಿ ಜೆಲ್ಡಾ ಅದನ್ನು ಅಲ್ಲಿಯೇ ತಡೆಹಿಡಿದು ನಿಂತಿದ್ದಾಳೆ. ಇಂಥ ಆಟಗಳಿಗೆ 'ಓಪನ್ ವರ್ಲ್ಡ್', ಅಂದರೆ ಮುಕ್ತಲೋಕದ ಆಟಗಳು, ಎಂದು ಹೆಸರು. ಹಿಂದಿನ ಎಷ್ಟೋ ಆಟಗಳಲ್ಲಿ ಆಡುವವನು ಹಾಕಿಟ್ಟ ಒಂದೇ ಹಾದಿಯಲ್ಲಿ ಸಾಗಬೇಕಿತ್ತು. ಇಲ್ಲಿ ಕಣ್ಣಿಗೆ ಕಾಣುವ ಗುಡ್ಡವನ್ನು ಹತ್ತಬಹುದು, ಕಾಡಿಗೆ ನುಗ್ಗಬಹುದು, ಬಯಲಿನಲ್ಲಿ ಸುಮ್ಮನೆ ಅಲೆಯಬಹುದು. ನೆಲ ಅಷ್ಟು ವಿಶಾಲವಾದ ಮೇಲೆ ಅದನ್ನು ದಾಟಲು ವಾಹನ ಬೇಕಾಗುತ್ತದೆ. ಹೀಗೆ ಕುದುರೆಯ ಪ್ರವೇಶ.

'ವಾಹನ' ಎಂಬ ಶಬ್ದಕ್ಕೆ ಹೊರುವಂಥದು ಎಂದಷ್ಟೇ ಅರ್ಥ. ಬಂಡಿಯೂ ವಾಹನ, ಕುದುರೆಯೂ ವಾಹನ. ಆದರೆ ಬಂಡಿಗೆ ಮನಸ್ಸಿಲ್ಲ, ಕುದುರೆಗೆ ಮನಸ್ಸುಂಟು. ಆಟವನ್ನು ರಚಿಸುವವನು ಕುದುರೆಯ ಆಕಾರವನ್ನು ಮಾತ್ರ ತರುತ್ತಾನೋ, ಅದರ ಮನಸ್ಸನ್ನೂ ತರಲು ಯತ್ನಿಸುತ್ತಾನೋ ಎಂಬುದರ ಮೇಲೆ ಆಡುವ ಮಗು ಏನನ್ನು ಕಲಿಯುತ್ತದೆ ಎಂಬುದು ನಿಂತಿದೆ. ನಾವು ಕಂಡುಕೊಂಡ ಮುಖ್ಯ ಸಂಗತಿ ಇದೊಂದೇ; ಉಳಿದುದೆಲ್ಲ ಇದರ ವಿವರ.

ಈ ಆಟದಲ್ಲಿ ಬಯಲಿನಲ್ಲಿ ಕಾಡುಕುದುರೆಗಳು ಮೇಯುತ್ತಿರುತ್ತವೆ. ಓಡಿಹೋದರೆ ಸಿಕ್ಕುವುದಿಲ್ಲ, ಸಪ್ಪಳ ಕೇಳಿ ಚದುರಿಹೋಗುತ್ತವೆ. ಕುಕ್ಕರುಗಾಲಿನಲ್ಲಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಸಮೀಪಿಸಬೇಕು. ಬೆನ್ನೇರಿದೊಡನೆ ಅದು ಕುಣಿದು ಕೆಡಹಲು ನೋಡುತ್ತದೆ. ಆಗ ಸವಾರನಿಗೆ ಉಳಿದಿರುವ ಉಪಾಯ ಒಂದೇ: ಕೈಯಲ್ಲಿರುವ ಸಾಧನದ ಒಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಅದರ ಕತ್ತನ್ನು ತಟ್ಟಿ ಸಮಾಧಾನಪಡಿಸುವುದು. ಅಷ್ಟರೊಳಗೆ ಸವಾರನ ತ್ರಾಣ ಮುಗಿದರೆ ನೆಲಕ್ಕೆ ಬೀಳುತ್ತಾನೆ. ಮೈಮೇಲೆ ಮಚ್ಚೆಗಳಿರುವ ಕುದುರೆಗಳು ಸಾಮಾನ್ಯವಾಗಿ ಸಾಧು. ಒಂದೇ ಬಣ್ಣದವು ಹೆಚ್ಚು ಬಲಶಾಲಿ, ಹೆಚ್ಚು ಹಟಮಾರಿ. ನಮ್ಮ ಮೊಮ್ಮಗಳು ಮೂರು ಸಲ ಬಿದ್ದು, ಕಡೆಗೆ ಮಚ್ಚೆಯುಳ್ಳ ಒಂದು ಬಡಪಾಯಿ ಕುದುರೆಯನ್ನು ಒಲಿಸಿಕೊಂಡಳಂತೆ. ಅದೇ ಚುಕ್ಕಿ.

ಏರಿದ ಮಾತ್ರಕ್ಕೆ ಕುದುರೆ ಒಲಿಯಿತೆಂದು ತಿಳಿಯಬಾರದು. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಎಳೆಯುತ್ತದೆ; ದಾರಿ ಬಿಟ್ಟು ಹುಲ್ಲಿಗೆ ಇಳಿಯುತ್ತದೆ. ತಿದ್ದಿದಾಗ ಮಾತು ಕೇಳಿತೆಂದರೆ ಕೂಡಲೇ ಕತ್ತು ತಟ್ಟಬೇಕು. ಆಗ ಬಾಂಧವ್ಯ ಒಂದಿಷ್ಟು ಹೆಚ್ಚುತ್ತದೆ. ಸೇಬನ್ನೋ ಗಜ್ಜರಿಯನ್ನೋ ಕೈಯಲ್ಲಿ ಹಿಡಿದು ತಿನ್ನಿಸಿದರೂ ಹೆಚ್ಚುತ್ತದೆ. ದಾರಿಯುದ್ದಕ್ಕೂ ಲಾಯಗಳಿವೆ, ಅವುಗಳ ಮಾಡಿನ ಮೇಲೆ ದೊಡ್ಡದೊಂದು ಕುದುರೆಯ ತಲೆ. ಅಲ್ಲಿ ಕುದುರೆಯನ್ನು ನೋಂದಾಯಿಸಿ ಹೆಸರಿಡಬೇಕು. ಜೀನು ಲಗಾಮುಗಳನ್ನು ಅಲ್ಲಿಯೇ ಕೊಡುತ್ತಾರೆ. ಐದಕ್ಕಿಂತ ಹೆಚ್ಚು ಕುದುರೆಗಳನ್ನು ಇಟ್ಟುಕೊಳ್ಳುವಂತಿಲ್ಲ. ಬಾಂಧವ್ಯ ನೂರಕ್ಕೆ ನೂರಾದ ಮೇಲೆಯೇ ಜೀನು ಲಗಾಮುಗಳನ್ನು ಬದಲಿಸಿ ಸಿಂಗರಿಸಲು ಅವಕಾಶ. ಸಿಂಗಾರಕ್ಕಿಂತ ಮೊದಲು ಸ್ನೇಹ. ಈ ಕ್ರಮ ನಮಗೆ ಮೆಚ್ಚುಗೆಯಾಯಿತು.

ಒಲಿದ ಕುದುರೆ ದಾರಿಗೆ ಬಿದ್ದರೆ ಲಗಾಮು ತಿರುಗಿಸಬೇಕಾಗಿಲ್ಲ. ರಸ್ತೆಯ ತಿರುವುಗಳನ್ನು ತಾನೇ ಅನುಸರಿಸುತ್ತದೆ, ಮರ ಅಡ್ಡ ಬಂದರೆ ತಾನೇ ಬಳಸಿಕೊಂಡು ಹೋಗುತ್ತದೆ. ಆಟ ಹೊರಬರುವುದಕ್ಕೆ ಮೊದಲು, ೨೦೧೪ರ ಡಿಸೆಂಬರಿನಲ್ಲಿ, ಅದರ ಮುಖ್ಯ ನಿರ್ಮಾಪಕ ಐಜಿ ಆವೊನುಮಾ ಒಂದು ಪ್ರಾತ್ಯಕ್ಷಿಕೆಯಲ್ಲಿ ಇದನ್ನು ತೋರಿಸುತ್ತ, ನಿಜವಾದ ಕುದುರೆಗಳು ಮರಗಳಿಗೆ ಹಾಯುವುದು ಅಪರೂಪವಲ್ಲವೇ ಎಂಬ ಅರ್ಥದ ಮಾತನ್ನು ಆಡಿದ್ದರು. ಕುದುರೆಗೂ ಕಣ್ಣಿದೆ, ಬುದ್ಧಿಯಿದೆ, ಅದನ್ನು ನಂಬಬಹುದು ಎಂಬ ತಿಳಿವು ಈ ರಚನೆಯ ಹಿಂದಿದೆ.

ಆಟದ ಕಥೆಯಲ್ಲಿಯೂ ಈ ತತ್ತ್ವಕ್ಕೊಂದು ಪ್ರಸಂಗವಿದೆ. ಲಿಂಕ್ ಕಳೆದುಕೊಂಡ ನೆನಪುಗಳು ಒಂದೊಂದಾಗಿ ಮರಳುವಾಗ, ರಾಜಕುಮಾರಿ ಜೆಲ್ಡಾ ಬಿಳಿಯ ಕುದುರೆಯನ್ನೇರಿ ಅವನೊಡನೆ ಮಾತನಾಡುವ ದೃಶ್ಯವೊಂದು ಬರುತ್ತದೆ. ಮೊದಲು ಆ ಕುದುರೆ ಅವಳಿಗೆ ಒಗ್ಗಿರಲಿಲ್ಲ. ಸವಾರಳು ಬಿಡುವು ಮಾಡಿಕೊಂಡು ಕುದುರೆಯನ್ನು ಸಂತೈಸಬೇಕು, ತನ್ನ ಮನಸ್ಸು ಅದಕ್ಕೆ ತಿಳಿಯುವುದು ಹಾಗೆಯೇ ಎಂದು ಲಿಂಕ್ ಹಿಂದೊಮ್ಮೆ ಹೇಳಿದ್ದನಂತೆ. ಅದರಂತೆ ನಡೆದು ಫಲ ಕಂಡುದಕ್ಕೆ ಅವಳು ಅವನಿಗೆ ಕೃತಜ್ಞತೆ ಸಲ್ಲಿಸುತ್ತಾಳೆ. ನೂರು ವರ್ಷಗಳ ಬಳಿಕ ಅದೇ ವಂಶದ್ದೆಂದು ಹೇಳಲಾಗುವ ಬಿಳಿಕುದುರೆಯೊಂದು ಬೆಟ್ಟದ ಮೇಲೆ ಕಾಡುಕುದುರೆಯಾಗಿ ಸಿಗುತ್ತದೆ. ಆಡುವವನು ಅದನ್ನು ಪಳಗಿಸಿ ತಂದರೆ ಹಳೆಯ ರಾಜಮನೆತನದ ಜೀನು ಲಗಾಮುಗಳು ದೊರೆಯುತ್ತವೆ. ರಾಜಕುಮಾರಿಯಾದರೂ ಕುದುರೆಯ ಮುಂದೆ ವಿನಯ ಕಲಿಯಬೇಕಾಯಿತು ಎಂಬುದು ಆ ಪ್ರಸಂಗದ ಸಾರ.

ಎಲ್ಲ ಆಟಗಳಲ್ಲಿಯೂ ಹೀಗಿದೆಯೇ ಎಂದು ಮೊಮ್ಮಗಳನ್ನು ಕೇಳಿದಾಗ ಅವಳಿಗೆ ಉಳಿದವು ಗೊತ್ತಿರಲಿಲ್ಲ. ಅವಳ ಸೋದರಮಾವ, ಅಂದರೆ ನಮ್ಮ ಮಗ, ಈ ವಿಷಯದಲ್ಲಿ ಬಲ್ಲವನೆಂಬುದು ನಮಗೆ ಆಗಲೇ ತಿಳಿದದ್ದು. ಅವನು ಕೆಲವು ಆಟಗಳನ್ನು ತೋರಿಸಿದ. ೨೦೧೧ರ 'ಸ್ಕೈರಿಮ್' ಎಂಬ ಆಟದಲ್ಲಿ ಒಂದು ಸಾವಿರ ಹೊನ್ನು ಕೊಟ್ಟರೆ ಲಾಯದವನು ಕುದುರೆ ಕೊಡುತ್ತಾನೆ. ಒಲಿಸುವ ಕೆಲಸವೇ ಇಲ್ಲ. ಆ ಕುದುರೆಗಳು ಗೋಡೆಯಂಥ ಕಡಿದಾದ ಬೆಟ್ಟಗಳನ್ನೂ ಹತ್ತಿಬಿಡುತ್ತವೆಂದು ಆಡುವವರು ಇಂದಿಗೂ ನಗೆಯಾಡುತ್ತಾರೆ. ಅದಕ್ಕೂ ಹಿಂದಿನ 'ಆಬ್ಲಿವಿಯನ್' ಎಂಬ ಆಟಕ್ಕೆ ೨೦೦೬ರ ಏಪ್ರಿಲಿನಲ್ಲಿ ಕುದುರೆಯ ಕವಚವೊಂದನ್ನು ಬೇರೆಯಾಗಿ, ಸುಮಾರು ಎರಡೂವರೆ ಡಾಲರಿಗೆ, ಮಾರಿದರು. ಹಣ ಕೊಟ್ಟು ಕೊಂಡ ಆಟದೊಳಗೆ ಮತ್ತೆ ಹಣ ಕೊಟ್ಟು ಅಲಂಕಾರ ಕೊಳ್ಳುವುದೇ ಎಂದು ಜನ ಆಗ ಗೇಲಿ ಮಾಡಿದರು. ಆಮೇಲೆ ಅದೇ ಒಂದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಮಕ್ಕಳ ಕೈಗೆ ಫೋನು, ಕಾರ್ಡು ಕೊಡುವ ತಂದೆತಾಯಿಗಳು ಆ ಕವಚದ ಕಥೆಯನ್ನು ನೆನಪಿಡುವುದು ಒಳ್ಳೆಯದು.

ಪೋಲೆಂಡಿನಲ್ಲಿ ತಯಾರಾದ, ೨೦೧೫ರ 'ದ ವಿಚರ್ ೩' ಎಂಬ ಆಟದ ನಾಯಕ ಗೆರಾಲ್ಟ್ ತನ್ನ ಕುದುರೆಗೆ ಒಂದು ಸಣ್ಣ ಮೀನಿನ ಹೆಸರಿಟ್ಟಿದ್ದಾನೆ. ಒಂದು ಹೋಗಿ ಇನ್ನೊಂದು ಬಂದರೂ ಅದೇ ಹೆಸರು! ಸಿಳ್ಳೆ ಹಾಕಿದರೆ ಕುದುರೆ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಆದರೂ ಅಲ್ಲೊಂದು ಒಳ್ಳೆಯ ಅಂಶವಿದೆ: ಆ ಕುದುರೆಗೆ ಭಯದ ಅಳತೆಯಿದೆ. ರಾಕ್ಷಸರ ಸಮೀಪ ನಿಲ್ಲಿಸಿದರೆ ಬೆದರಿ ಸವಾರನನ್ನು ಕೆಡಹುತ್ತದೆ. ೨೦೨೨ರ 'ಎಲ್ಡನ್ ರಿಂಗ್' ಎಂಬ ಜಪಾನೀ ಆಟದಲ್ಲಿ ಟಾರೆಂಟ್ ಎಂಬ ಮಾಯಾಕುದುರೆ ಇದೆ. ಸೀಟಿ ಊದಿದರೆ ಪ್ರತ್ಯಕ್ಷವಾಗುತ್ತದೆ, ಗಾಳಿಯಲ್ಲಿಯೇ ಎರಡನೆಯ ಸಲ ನೆಗೆಯುತ್ತದೆ. ಅದು ಕಾಳಗದಲ್ಲಿ ಬಿದ್ದರೆ, ಸವಾರನು ತನ್ನ ಗಾಯಕ್ಕೆಂದು ಇಟ್ಟುಕೊಂಡ ಔಷಧದ ಒಂದು ಪಾಲನ್ನು ವ್ಯಯಿಸಿ ಅದನ್ನು ಎಬ್ಬಿಸಬೇಕು. ಇವೆರಡೂ ಮಕ್ಕಳ ಆಟಗಳಲ್ಲವೆಂದು ಇಲ್ಲಿಯೇ ಎಚ್ಚರಿಸುತ್ತೇವೆ. ಯುರೋಪಿನ ವರ್ಗೀಕರಣದಲ್ಲಿ 'ವಿಚರ್'ಗೆ ೧೮ ವರ್ಷದ ಗುರುತಿದೆ. ಮೊಮ್ಮಗಳ ಆಟಕ್ಕೆ ೧೨ರದು. ಡಬ್ಬಿಯ ಮೇಲೆ ಮುದ್ರಿಸಿರುವ ಆ ಸಂಖ್ಯೆಯನ್ನು ಹಿರಿಯರು ಓದಿ ಕೊಡಿಸಬೇಕು.

ನಮ್ಮ ಮನಸ್ಸಿನಲ್ಲಿ ನೆಲೆನಿಂತದ್ದು ಮಾತ್ರ ೨೦೦೫ರ 'ಷ್ಯಾಡೋ ಆಫ್ ದ ಕೊಲೋಸಸ್'. ಫುಮಿತೊ ಉಎಡಾ ಎಂಬ ಜಪಾನೀ ಕಲಾವಿದನ ರಚನೆ. ನಿರ್ಜನವಾದ ನಾಡು, ಒಬ್ಬ ಯುವಕ, ಆಗ್ರೊ ಎಂಬ ಒಂದು ಕರಿಕುದುರೆ, ಕೊಲ್ಲಬೇಕಾದ ಹದಿನಾರು ದೈತ್ಯಾಕಾರಗಳು. ಅಲ್ಲಿ ಆಡುವವನು ಕುದುರೆಯನ್ನು ನೇರವಾಗಿ ನಡೆಸುವುದಿಲ್ಲ. ಸವಾರನನ್ನು ನಡೆಸುತ್ತಾನೆ, ಸವಾರ ಲಗಾಮು ಎಳೆಯುತ್ತಾನೆ, ಕುದುರೆ ತನ್ನ ಸಮಯಕ್ಕೆ ತಿರುಗುತ್ತದೆ. ಈ ವಿಳಂಬದಿಂದ ಬೇಸರಪಟ್ಟವರೂ ಉಂಟಂತೆ. ಆದರೆ ಆ ಕ್ಷಣಕಾಲದ ತಡವೇ ಅದನ್ನು ಯಂತ್ರದಿಂದ ಬೇರ್ಪಡಿಸಿ ಜೀವವನ್ನಾಗಿಸುತ್ತದೆ. ಕಥೆಯ ಕೊನೆಯ ಹಂತದಲ್ಲಿ ಸೇತುವೆ ಕುಸಿಯುವಾಗ ಆಗ್ರೊ ಯಜಮಾನನನ್ನು ಆಚೆದಡಕ್ಕೆ ಎಸೆದು ತಾನು ಕಂದರಕ್ಕೆ ಬೀಳುತ್ತದೆ. ಹಲ್ದಿಘಾಟಿಯ ಚೇತಕ್ ಕುದುರೆಯ ಐತಿಹ್ಯವನ್ನು ಶಾಲೆಯಲ್ಲಿ ಓದಿದ ನಮಗೆ ಗಂಟಲು ಕಟ್ಟಿತು. ಹೀಗೆ ಒಂದು ಆಟದ ಕುದುರೆಗಾಗಿ ನಮ್ಮ ಗಂಟಲೂ ಕಟ್ಟಿದ ಮೇಲೆ, ಪಂಕ್ತಿಯಲ್ಲಿ ನಕ್ಕ ನಮ್ಮ ನಗೆಗೆ ಯಾವ ಸಮರ್ಥನೆಯೂ ಉಳಿಯಲಿಲ್ಲ.

ಮೆಚ್ಚುಗೆಯ ಭರದಲ್ಲಿ ಆಟವನ್ನೇ ಶಾಸ್ತ್ರವೆಂದು ತಿಳಿಯುವುದು ಬೇಡ. ಮೊಮ್ಮಗಳಿಗೆ ನಾವು ಹೇಳಿಕೊಟ್ಟ ಒಂದು ಮಾತನ್ನು ಎಲ್ಲ ಮಕ್ಕಳಿಗೂ ಹೇಳಬೇಕು. ಆಟದಲ್ಲಿ ಕುದುರೆಯ ಹಿಂದಿನಿಂದ ಸದ್ದಿಲ್ಲದೆ ಹೋಗುವುದು ಜಾಣತನ. ನಿಜವಾದ ಕುದುರೆಯ ಹಿಂದಿನಿಂದ ಹಾಗೆ ಹೋಗುವುದು ಮಹಾ ಅಪಾಯ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಅದು ಹೆಚ್ಚುಕಡಿಮೆ ಸುತ್ತಲಿನದೆಲ್ಲವನ್ನೂ ಕಾಣಬಲ್ಲದು. ಆದರೆ ಹಣೆಯ ನೇರ ಮುಂದಿನ ತುಸು ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ ಅದಕ್ಕೆ ಕಾಣವು. ಅದು ಬೇಟೆಗೆ ಬಲಿಯಾಗುತ್ತ ಬಂದ ಪ್ರಾಣಿಯ ಕುಲ. ಕಾಣದ ಕಡೆಯಿಂದ ಏನಾದರೂ ತಾಗಿದರೆ ಒದೆಯುವುದು ಅದರ ಸ್ವಭಾವ. ನಾನ್ನೂರು ಐನೂರು ಕಿಲೋ ತೂಗುವ ಪ್ರಾಣಿಯ ಒದೆತ ಎಂಥದೆಂದು ವಿವರಿಸಬೇಕಾಗಿಲ್ಲ. ಅದಕ್ಕೆ ಕಾಣುವಂತೆ, ಮೆಲ್ಲನೆ ಮಾತನಾಡಿಸುತ್ತ, ಭುಜದ ಕಡೆಯಿಂದ ಸಮೀಪಿಸಬೇಕು.

ಆಟದ ಕುದುರೆ ಸೇಬು ತಿಂದರೆ ಸ್ನೇಹ ಹೆಚ್ಚುತ್ತದೆ, ತಿನ್ನದಿದ್ದರೆ ಹಸಿವಿಲ್ಲ. ನಿಜವಾದ ಕುದುರೆ ಹುಲ್ಲುಗಾವಲಿನಲ್ಲಿ ಬಿಟ್ಟರೆ ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ. ಹತ್ತಾರು ಲೀಟರ್ ನೀರು ಕುಡಿಯುತ್ತದೆ. ಅದರ ಲದ್ದಿ ಬಳಿಯಬೇಕು, ಗೊರಸು ನೋಡಬೇಕು, ಲಾಳ ಕಟ್ಟಿಸಬೇಕು. ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತದೆ. ಮುದಿಯಾದ ಮೇಲೆ ಹೊರಲಾರದು, ಆದರೂ ಮೇವು ಬೇಕು. ಆಟದಲ್ಲಿ ಮುಪ್ಪಿಲ್ಲ. ಅಲ್ಲಿ ಸೇವೆಯ ಸಿಹಿ ಭಾಗವನ್ನಷ್ಟೇ ಇಟ್ಟು ಕಷ್ಟದ ಭಾಗವನ್ನು ತೆಗೆದಿದ್ದಾರೆ. ಆಟವಾದ್ದರಿಂದ ಅದು ತಪ್ಪಲ್ಲ. ತೆಗೆದಿದ್ದಾರೆ ಎಂಬುದು ಮಗುವಿಗೆ ಗೊತ್ತಿರಬೇಕು.

ಕತ್ತು ತಟ್ಟುವ ಆ ಒಂದು ಕ್ರಿಯೆಯಲ್ಲಿ ಮಾತ್ರ ಆಟ ಸತ್ಯಕ್ಕೆ ತುಂಬ ಹತ್ತಿರವಿದೆ. ಕುದುರೆಗಳು ಒಂದರ ಕತ್ತಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆದು ಸ್ನೇಹ ತೋರುತ್ತವೆ. ೧೯೯೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದೇ ಜಾಗವನ್ನು ಮನುಷ್ಯನ ಕೈ ಕೆರೆದರೂ ಕುದುರೆಯ ಎದೆಬಡಿತ ನಿಧಾನವಾಗುವುದನ್ನು ಸಂಶೋಧಕರು ಅಳೆದು ತೋರಿಸಿದರು. ಜೋರಾಗಿ ತಟ್ಟುವುದಕ್ಕಿಂತ ಮೆಲ್ಲನೆ ಕೆರೆಯುವುದೇ ಲೇಸು. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಗ್ರೀಸಿನ ಕ್ಸೆನೊಫೋನ್ ಅಶ್ವಾರೋಹಣವನ್ನು ಕುರಿತು ಬರೆದ ಗ್ರಂಥದಲ್ಲಿ, ಸಿಟ್ಟಿನಲ್ಲಿರುವಾಗ ಕುದುರೆಯೊಡನೆ ವ್ಯವಹರಿಸಲೇಬಾರದೆಂದು ವಿಧಿಸಿದ್ದಾನೆ. ಕುದುರೆಯನ್ನು ಪಳಗಿಸುವ ಮೊದಲು ಸವಾರ ತನ್ನ ಸಿಟ್ಟನ್ನು ಪಳಗಿಸಿಕೊಳ್ಳಬೇಕು ಎಂಬುದು ಆ ವಿಧಿಯ ತಾತ್ಪರ್ಯ.

ಇಲ್ಲಿ ನಮ್ಮ ಬಾಲ್ಯದ ಒಂದು ನೆನಪು ಅಪ್ರಸ್ತುತವಾಗಲಾರದು. ನಾವು ಹುಡುಗರಾಗಿದ್ದಾಗ ನಿಲ್ದಾಣದಿಂದ ಊರೊಳಗೆ ಹೋಗಲು ಜಟಕಾ ಬಿಟ್ಟರೆ ಬೇರೆ ಗತಿಯಿರಲಿಲ್ಲ. ನಮ್ಮ ಓಣಿಗೆ ಬರುತ್ತಿದ್ದ ಜಟಕಾದ ಮುದುಕರೊಬ್ಬರು ಏರುದಾರಿ ಬಂದೊಡನೆ ಕೆಳಗಿಳಿದು ಕುದುರೆಯ ಬದಿಯಲ್ಲಿ ನಡೆಯುತ್ತಿದ್ದರು. ಹುಡುಗರಾದ ನಮ್ಮನ್ನೂ ಇಳಿಸುತ್ತಿದ್ದರು. "ಬಾಡಿಗೆ ಕೊಟ್ಟೇವಲ್ಲ, ಯಾಕ ಇಳೀಬೇಕು?" ಎಂದು ನಾವೊಮ್ಮೆ ಕೇಳಿದ್ದುಂಟು. "ಬಾಡಿಗಿ ನನಗ ಕೊಟ್ಟೀರಿ, ಅದಕ್ಕ ಕೊಟ್ಟಿಲ್ಲಲ್ಲ" ಎಂದಿದ್ದರು. ಸಂಜೆ ಅದಕ್ಕೆ ಹುರುಳಿ ನೆನೆಹಾಕಿ ತಿನ್ನಿಸಿದ ಮೇಲೆಯೇ ಅವರ ಊಟ. ಆ ಉತ್ತರದ ತೂಕ ನಮಗೆ ತಿಳಿಯಲು ಐವತ್ತು ವರ್ಷಗಳೇ ಬೇಕಾದವು.

ಈಗ ಚುಕ್ಕಿಯ ಸಾವಿಗೆ ಬರೋಣ. ಹೈರೂಲಿನ ನಡುಬಯಲಿನಲ್ಲಿ ಗಾರ್ಡಿಯನ್ ಎಂಬ ಯಂತ್ರರಾಕ್ಷಸರು ತಿರುಗುತ್ತಿರುತ್ತಾರೆ. ಅವರ ಕಣ್ಣಿನಿಂದ ಹೊರಡುವ ಬೆಳಕಿನ ಬಾಣ ತಗುಲಿದರೆ ಕುದುರೆ ಉಳಿಯುವುದು ಕಷ್ಟ. ಬೇಗ ದಾಟಿಬಿಡುವ ಆತುರದಲ್ಲಿ ನಮ್ಮ ಮೊಮ್ಮಗಳು ಚುಕ್ಕಿಯನ್ನು ಆ ಬಯಲಿಗೆ ಹೊಡೆದಳು. ತಾನು ಉಳಿದಳು, ಚುಕ್ಕಿ ಬಿತ್ತು. ಅವಳ ದುಃಖದಲ್ಲಿ ಎರಡು ಪಾಲಿದ್ದವು ಎಂದು ಆಮೇಲೆ ತಿಳಿಯಿತು. ಒಂದು, ಪ್ರೀತಿಯದು ಹೋಯಿತೆಂಬುದು. ಇನ್ನೊಂದು, ತಾನೇ ಕಾರಣಳೆಂಬುದು. "ನಾನ ಓಡಿಸಿಕೊಂಡು ಹೋದೆ ಅಜ್ಜಾ, ಅದು ಬರೂದಿಲ್ಲ ಅಂತ ಹಿಂದಕ್ಕ ಎಳೀತಿತ್ತು" ಎಂದಳು. ಹನ್ನೆರಡು ವರ್ಷದ ಮಗು ತನ್ನ ತಪ್ಪನ್ನು ತಾನೇ ಗುರುತಿಸಿ ಅಳುವಾಗ ಹಿರಿಯರು ನಗುವುದು ಎಂಥ ಅವಿವೇಕ! ಆ ಅಳುವಿನಲ್ಲಿ ಹೊಣೆಗಾರಿಕೆಯ ಮೊಳಕೆಯಿತ್ತು. ನಾವು ಅದನ್ನು ತುಳಿದಿದ್ದೆವು. ಆ ಮುಂಜಾನೆ ನಾವು ಅವಳ ಕ್ಷಮೆ ಕೇಳಿದೆವು. ಹಿರಿಯರು ಕಿರಿಯರ ಕ್ಷಮೆ ಕೇಳುವುದು ನಮ್ಮ ಮನೆಗಳಲ್ಲಿ ಅಪರೂಪ. ಕೇಳಿದರೆ ಹಿರಿತನಕ್ಕೇನೂ ಕುಂದಾಗುವುದಿಲ್ಲವೆಂದು ಅನುಭವದಿಂದ ಹೇಳುತ್ತೇವೆ.

ಆಟದಲ್ಲಿ ಸತ್ತ ಕುದುರೆಗೆ ಮರುಹುಟ್ಟಿನ ಉಪಾಯವೂ ಇದೆ. ನಾಡಿನ ದಕ್ಷಿಣ ಭಾಗದಲ್ಲಿ ಮಲಾನ್ಯಾ ಎಂಬ ಅಶ್ವದೇವತೆಯ ಚಿಲುಮೆಯಿದೆ. ಅಲ್ಲಿಯ ನಾಣ್ಯ ಒಂದು ಸಾವಿರವನ್ನು ಅರ್ಪಿಸಿ ಅದನ್ನು ತೆರೆದರೆ, ನೋಂದಾಯಿತ ಕುದುರೆಯನ್ನು ಆ ದೇವತೆ ಮರಳಿ ಕೊಡುತ್ತದೆ. ಮೊಮ್ಮಗಳು ಮೂರು ದಿನ ದುಡಿದು ಸಾವಿರ ಕೂಡಿಸಿ ಚುಕ್ಕಿಯನ್ನು ಬಿಡಿಸಿಕೊಂಡು ಬಂದಳು. ಆಗ ನಾವು ಅವಳಿಗೆ ಮೆಲ್ಲಗೆ, "ನಿಜವಾದ ಲೋಕದಲ್ಲಿ ಇಂಥ ಚಿಲುಮೆ ಇಲ್ಲವ್ವಾ" ಎಂದೆವು. "ಗೊತ್ತು ಅಜ್ಜಾ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. ಅಂದಿನಿಂದ ಅವಳ ಆಟದ ರೀತಿಯೇ ಬದಲಾಯಿತು. ಅಪಾಯದ ಸ್ಥಳ ಬಂದಿತೆಂದರೆ ಚುಕ್ಕಿಯನ್ನು ದೂರದಲ್ಲಿ, ಮರದ ಮರೆಯಲ್ಲಿ ನಿಲ್ಲಿಸಿ, ತಾನು ಇಳಿದು ನಡೆದು ಹೋಗುತ್ತಿದ್ದಳು. ಲಾಯದಲ್ಲಿ ಅದಕ್ಕಿಂತ ವೇಗದ ಎರಡು ಕುದುರೆಗಳಿದ್ದರೂ ಏರುತ್ತಿದ್ದುದು ಚುಕ್ಕಿಯನ್ನೇ. ಜಟಕಾದ ಆ ಮುದುಕರ ಕಥೆಯನ್ನು ನಾವು ಅವಳಿಗೆ ಆವರೆಗೆ ಹೇಳಿರಲಿಲ್ಲ. ಅಂದು ಸಂಜೆ ಹೇಳಿದೆವು.

ಇಷ್ಟು ಹೇಳಿದ ಮೇಲೆ ಗೃಹಸ್ಥ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಮಗು ಆಟ ಆಡುತ್ತಿದೆ ಎಂದು ಬೈಯುವ ಮೊದಲು ಅರ್ಧ ತಾಸು ಬದಿಯಲ್ಲಿ ಕುಳಿತು ನೋಡಿರಿ. ಎಷ್ಟು ಹೊತ್ತು ಆಡಿದೆ ಎಂಬ ಪ್ರಶ್ನೆ ಅವಶ್ಯ; ಆಟಕ್ಕೆ ಹೊತ್ತು ಗೊತ್ತುಮಾಡುವುದು ಹಿರಿಯರ ಕರ್ತವ್ಯ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇರಲಿ: ಇಂದು ನಿನ್ನ ಕುದುರೆಯನ್ನು ಹೇಗೆ ನೋಡಿಕೊಂಡೆ? ಈ ಪ್ರಶ್ನೆಗೆ ಮಗು ಕೊಡುವ ಉತ್ತರದಲ್ಲಿ ಅದರ ಮನಸ್ಸು ಕಾಣುತ್ತದೆ. ಕುದುರೆ ಸತ್ತರೆ ಇನ್ನೊಂದು ಕೊಂಡರಾಯಿತು ಎಂದರೆ, ಅದಕ್ಕೂ ಗದರಬೇಕಾಗಿಲ್ಲ. ಮಾತನಾಡಬೇಕಾದ ವಿಷಯ ಸಿಕ್ಕಿತೆಂದು ತಿಳಿಯಿರಿ. ಸಾಧ್ಯವಿದ್ದಲ್ಲಿ ನಿಜವಾದ ಕುದುರೆಯನ್ನೊಮ್ಮೆ ತೋರಿಸಿರಿ. ಅದರ ಬಿಸಿಯುಸಿರು ಅಂಗೈಗೆ ತಾಗಲಿ, ಲದ್ದಿಯ ವಾಸನೆಯೂ ಮೂಗಿಗೆ ಬರಲಿ. ಪರದೆಯ ಮೇಲೆ ಕಲಿತ ಸಹನೆ ಪರದೆಯ ಹೊರಗೂ ನಡೆಯುವುದೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ರಜೆ ಮುಗಿದು ಮೊಮ್ಮಗಳು ತನ್ನ ಊರಿಗೆ ಮರಳಿದಳು. ಮೊನ್ನೆ ಫೋನು ಮಾಡಿದ್ದಳು. ಅದೇ ಆಟದ ಮುಂದಿನ ಭಾಗ, ೨೦೨೩ರ ಮೇ ತಿಂಗಳಿನಲ್ಲಿ ಹೊರಬಂದ 'ಟಿಯರ್ಸ್ ಆಫ್ ದ ಕಿಂಗ್‌ಡಮ್', ಅವಳಿಗೆ ದೊರೆತಿದೆಯಂತೆ. ಹಿಂದಿನ ಆಟದಲ್ಲಿ ನೋಂದಾಯಿಸಿದ ಕುದುರೆಗಳು, ಅದರ ದಾಖಲೆ ಅದೇ ಸಾಧನದಲ್ಲಿ ಉಳಿದಿದ್ದರೆ, ಹೊಸ ಆಟದ ಲಾಯದಲ್ಲಿಯೂ ಕಾದಿರುತ್ತವೆ. ಇದನ್ನು ತಿಳಿದು ಅವಳು ಶತ್ರುವನ್ನೂ ಹುಡುಕದೆ, ನಿಧಿಯನ್ನೂ ಹುಡುಕದೆ, ನೆಟ್ಟಗೆ ಮೊದಲ ಲಾಯಕ್ಕೆ ಹೋಗಿ ವಿಚಾರಿಸಿದಳಂತೆ.

"ಚುಕ್ಕಿ ಇತ್ತೇನವ್ವಾ?" ಎಂದು ಕೇಳಿದೆವು. ನಮ್ಮ ಧ್ವನಿಯಲ್ಲಿ ಆತಂಕವಿದ್ದುದನ್ನು ಅಡಗಿಸಲಾಗಲಿಲ್ಲ.

"ಇತ್ತು ಅಜ್ಜಾ" ಎಂದಳು.

ಊಟದ ಮನೆಯಲ್ಲಿ ನಾವು ಇದನ್ನು ಹೇಳಿದಾಗ ಈ ಸಲ ಯಾರೂ ನಗಲಿಲ್ಲ. ಓದುಗ ಬಂಧುಗಳ ಮನೆಯ ಮಕ್ಕಳೆಲ್ಲರೂ ಇಂಥ ಒಂದು ಜೀವವನ್ನು, ಆಟದಲ್ಲಾಗಲಿ ಅಂಗಳದಲ್ಲಾಗಲಿ, ಅಕ್ಕರೆಯಿಂದ ಸಾಕಿ ಬೆಳೆಯಲಿ ಎಂದು ಹಾರೈಸುತ್ತೇವೆ.